ಒಂದೇ ಗುಂಡಿನ ಸಾಮು

ಹಗುರ ಕೆಟಲ್‌ಬೆಲ್ (ಹಿಡಿಯುಳ್ಳ ಕಬ್ಬಿಣದ ಗುಂಡು) ಎತ್ತಿದರೆ ಬೆವರು ಬಂದೀತು, ಬಲ ಬಾರದು ಎಂಬ ಮಾತು ಜಿಮ್ಮುಗಳಲ್ಲಿ ಸಲೀಸಾಗಿ ಓಡಾಡುತ್ತದೆ. ನಾನು ಒಪ್ಪುವುದಿಲ್ಲ. ಸ್ನಾಯುವಿನ ಮೇಲೆ ಬೀಳುವ ಹೊರೆ ಬರೀ ತೂಕದ್ದಲ್ಲ. ಆ ತೂಕ ಕೀಲಿನಿಂದ ಎಷ್ಟು ದೂರದಲ್ಲಿದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. 8 ಕೆ.ಜಿ. ಗುಂಡನ್ನು ಎದೆಗವಚಿಕೊಂಡರೆ ಭಾರವೆನಿಸದು. ಅದನ್ನೇ ತೋಳು ಚಾಚಿ ಭುಜದ ಮಟ್ಟಕ್ಕೆ ಹಿಡಿದರೆ ತುಸು ಹೊತ್ತಿಗೇ ಕೈ ನಡುಗುತ್ತದೆ. ನಮ್ಮ ಗರಡಿಮನೆಯ ಗದೆಯಲ್ಲೂ ಇದೇ ಗುಟ್ಟಿದೆ. ಭಾರವೆಲ್ಲ ಉದ್ದ ಕೋಲಿನ ತುದಿಯಲ್ಲಿರುವುದರಿಂದ, ಅದು ಬೆನ್ನ ಹಿಂದೆ ತೂಗಿ ಬರುವಾಗ ಹೆಗಲು, ಪಕ್ಕೆ, ಮುಂಗೈ ಎಲ್ಲವೂ ದುಡಿಯಲೇಬೇಕು.

ನನಗೆ ಅಚ್ಚುಮೆಚ್ಚಿನದು ಗುಂಡನ್ನು ತಲೆಕೆಳಗು ಮಾಡಿ ಎತ್ತುವ ಪಟ್ಟು. ಹಿಡಿ ಕೆಳಗೆ, ಗುಂಡು ಮೇಲೆ. ಮುಷ್ಟಿ ಕೊಂಚ ಸಡಿಲಿದರೂ ಅದು ಮುಂಗೈ ಮೇಲೆ ಮಗುಚುತ್ತದೆ. ಹಾಗಾಗಿ ಬೆರಳು ಬಿಗಿಯಾಗಿ, ಮಣಿಕಟ್ಟು ನೆಟ್ಟಗೆ, ಮೊಣಕೈ ಗುಂಡಿನ ನೇರಕ್ಕೇ ಇರಬೇಕು. ಹೊಟ್ಟೆ ತಾನಾಗಿ ಬಿಗಿಯುತ್ತದೆ. ಒಂದು ಮಂಡಿಯೂರಿ ಇದನ್ನೇ ಮಾಡಿ, ಐದು ಎಣಿಸುತ್ತ ಇಳಿಸಿ ನೋಡಿ. ಅದೇ ಎಂಟು ಕೆ.ಜಿ. ಬೇರೆಯೇ ವಸ್ತುವಾಗಿಬಿಡುತ್ತದೆ. ಎಷ್ಟು ಎತ್ತಿದೆವು ಎಂಬುದಕ್ಕಿಂತ ಹೇಗೆ ಎತ್ತಿದೆವು ಎಂಬುದರಲ್ಲಿ ಮನಸ್ಸು ನೆಡುವ ಈ ಸುಖ ದೊಡ್ಡ ತೂಕದಲ್ಲಿ ಅಷ್ಟಾಗಿ ಸಿಗದು.

ಆದರೆ ಪೈಲ್ವಾನನ ಬಲ ಇದರಿಂದ ಬಂದೀತೆ? ಒಂದೇ ಸಲಕ್ಕೆ ಆದಷ್ಟು ಹೆಚ್ಚು ಭಾರ ಎತ್ತುವುದೇ ಗುರಿಯಾದರೆ ಭಾರವನ್ನೇ ಎತ್ತಿ ಕಲಿಯಬೇಕು, ಅದು ನಿಜ. ಸ್ನಾಯು ಬೆಳೆಯುವ ಮಾತು ಬೇರೆ. ಹಗುರ ತೂಕವನ್ನೂ ಇನ್ನು ಆಗದು ಎನ್ನುವ ಹಂತದ ಹತ್ತಿರಕ್ಕೆ ಒಯ್ದರೆ, ಮೊದಲು ದುಡಿದ ಎಳೆಗಳು ದಣಿದಂತೆ ಅದುವರೆಗೆ ಸುಮ್ಮನಿದ್ದ ದೊಡ್ಡ ಎಳೆಗಳೂ ಕೆಲಸಕ್ಕಿಳಿಯುತ್ತವೆ. ಬೆಳವಣಿಗೆ ಭಾರ ಎತ್ತಿದವರಷ್ಟೇ ಆಗಬಲ್ಲದೆಂದು ಪ್ರಯೋಗಗಳು ತೋರಿಸಿವೆ. ಕಾಲಿಗೆ ಎಂಟು ಕೆ.ಜಿ. ಏತಕ್ಕೂ ಸಾಲದು ಎನ್ನುವವರು ತುಮಕೂರಿನ ಬಗಲಲ್ಲೇ ಇರುವ ದೇವರಾಯನದುರ್ಗಕ್ಕೆ ಹೋಗಿಬರಲಿ. ಕೆಳಗಿನ ಭೋಗಾನರಸಿಂಹನ ಗುಡಿಯಿಂದ ಮೇಲಿನ ಯೋಗಾನರಸಿಂಹನವರೆಗೆ ಹತ್ತುವಾಗ ಕೈಯಲ್ಲಿ ಯಾವ ಕಬ್ಬಿಣವೂ ಇರುವುದಿಲ್ಲ. ಆದರೆ ಪ್ರತಿ ಮೆಟ್ಟಿಲಲ್ಲೂ ಇಡೀ ಮೈಭಾರ ಒಂದೇ ಕಾಲಿನ ಮೇಲೆ. ಮರುದಿನ ತೊಡೆ ಹಿಡಿದುಕೊಂಡರೆ ಅದು ಹತ್ತಿದ್ದಕ್ಕಿಂತ ಹೆಚ್ಚಾಗಿ ಇಳಿದದ್ದರಿಂದ, ಏಕೆಂದರೆ ಇಳಿಯುವಾಗ ಸ್ನಾಯು ಹೊರೆ ಹೊತ್ತೇ ಹಿಗ್ಗುತ್ತದೆ. ಗುಂಡನ್ನು ಎದೆಗೆ ಹಿಡಿದು, ಒಂಟಿಕಾಲಲ್ಲಿ ನಿಧಾನವಾಗಿ ಕುಳಿತು ಏಳುವುದರಲ್ಲಿ ಈ ಎರಡೂ ಇವೆ. ಅದು ಸಲೀಸಾದರೆ ಕೆಳಗೆ ಮೂರು ಎಣಿಸುವಷ್ಟು ನಿಲ್ಲಬಹುದು. ಹೊಸ ತೂಕ ಕೊಳ್ಳುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ.