ತಗ್ಗಿದ ದನಿಯನ್ನು ಎತ್ತುವ ಬಗೆ

ಕೊಲ್ಲಾಪುರ ದರ್ಬಾರಿನ ಗಾಯಕ ಅಲ್ಲಾದಿಯಾ ಖಾನರ ಪರಂಪರೆಯನ್ನು ಕನ್ನಡ ನಾಡಿಗೆ ತಂದವರಲ್ಲಿ ಮಲ್ಲಿಕಾರ್ಜುನ ಮನಸೂರರು ಪ್ರಮುಖರು. ಆ ಗಾಯನದಲ್ಲಿ ರಭಸದ ತಾನದಷ್ಟೇ ಮೆಲುದನಿಯ ಎಳೆಗೂ ಬೆಲೆಯುಂಟು.

ಧ್ವನಿಮುದ್ರಿಕೆಯ ಮಿಕ್ಸಿಂಗ್‌ನಲ್ಲಿ ರೂಢಿಯ ಕಂಪ್ರೆಷನ್ ಗಟ್ಟಿ ದನಿಯನ್ನು ಅದುಮುತ್ತದೆ. ಅಪ್‌ವರ್ಡ್ ಕಂಪ್ರೆಷನ್ ಅದನ್ನು ಮುಟ್ಟದೆ, ಗೊತ್ತುಪಡಿಸಿದ ಮಟ್ಟಕ್ಕಿಂತ ತಗ್ಗಿದ್ದನ್ನಷ್ಟೇ ಮೇಲೆತ್ತುತ್ತದೆ: 2:1 ಪ್ರಮಾಣವಿಟ್ಟರೆ, ಆ ಮಟ್ಟಕ್ಕಿಂತ 20 ಡೆಸಿಬೆಲ್ ಕೆಳಗಿದ್ದ ಸ್ವರ 10 ಡೆಸಿಬೆಲ್ ಕೆಳಗೆ ಬಂದು ನಿಲ್ಲುತ್ತದೆ.

ಆದರೆ ಯಂತ್ರಕ್ಕೆ ವಿವೇಕವಿಲ್ಲ. ಇಚಲಕರಂಜಿಯ ಮನೆಯಲ್ಲಿ ಮುದ್ರಿಸಿದ ಮಗುವಿನ ಪದ್ಯದೊಡನೆ ನೆರೆಯ ಮಗ್ಗದ ಸದ್ದೂ ಏರುತ್ತದೆ. ಆದ್ದರಿಂದ ಮೊದಲು ನಿಶ್ಶಬ್ದ ಕೋಣೆ, ಬಳಿಕ ಮಿತವಾದ ಏರಿಕೆ.

ಗಡಿನಾಡಿನ ಕನ್ನಡ ಶಾಲೆಯ ಮನೆಗಳಿಗೂ ಇದೇ ನೀತಿ ಸಲ್ಲುತ್ತದೆ. ಮರಾಠಿಯ ದನಿಯನ್ನು ತಗ್ಗಿಸಬೇಕಿಲ್ಲ. ದಿನಕ್ಕೊಂದು ಗಳಿಗೆ ಟಿವಿಯ ಸದ್ದಡಗಿಸಿ, ಮಗುವಿನ ಕನ್ನಡಕ್ಕೆ ಕಿವಿಗೊಟ್ಟರೆ ಸಾಕು.