ಸುಣ್ಣಕ್ಕೆ ಮುನ್ನ

ಶ್ರೀಮಠದ ವಿದ್ಯಾಸಂಸ್ಥೆಯ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ದೂರವಾಣಿಯಲ್ಲಿ ಕೇಳಿದಾಗ ನಾನು ಊರಿನ ಮನೆಯ ಹೊರಗೋಡೆಯನ್ನು ತೊಳೆಯುತ್ತಿದ್ದೆ. ಧೋತರವನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ತಲೆಗೊಂದು ವಸ್ತ್ರವನ್ನು ಸುತ್ತಿ, ಏಣಿಯ ಮೂರನೆಯ ಮೆಟ್ಟಿಲ ಮೇಲೆ ನಿಂತಿದ್ದೆ. ಷಟ್‌ಸ್ಥಲವನ್ನು ಕುರಿತೋ ಕೇಶಿರಾಜನ ವ್ಯಾಕರಣವನ್ನು ಕುರಿತೋ ನಾನು ಬರೆಯುವೆನೆಂದು ಅವರ ನಿರೀಕ್ಷೆ. ಬರೆಯಬಹುದಾಗಿತ್ತು. ಆದರೆ ಆ ಮೂರು ದಿನ ಗೋಡೆಯ ಹೊರತು ಬೇರೊಂದು ವಿಷಯ ನನ್ನ ತಲೆಯನ್ನು ಪ್ರವೇಶಿಸಲಿಲ್ಲ. ಆದಕಾರಣ ಸಹೃದಯರಾದ ಓದುಗರೂ ದಾನಿಗಳಾದ ಮಹನೀಯರೂ ವಿಷಯದ ಸಾಮಾನ್ಯತೆಯನ್ನು ಮನ್ನಿಸಬೇಕು.

ಆ ಮನೆ ನನ್ನ ಅಜ್ಜ ಕಟ್ಟಿಸಿದ್ದು. ಕಲ್ಲು ಮತ್ತು ಕೆಸರುಮಣ್ಣಿನ ಗೋಡೆ. ಅದರ ಮೇಲೆ ಸುಣ್ಣದ ಗಾರೆಯ ಗಿಲಾವು. ಮುಂಭಾಗ ಪಶ್ಚಿಮಕ್ಕಿರುವುದರಿಂದ ಮುಂಗಾರಿನ ಇರಿಚಲು ನೇರವಾಗಿ ಬಂದು ಬಡಿಯುತ್ತದೆ. ನಾನು ಬಾಲಕನಾಗಿದ್ದಾಗ ಪ್ರತಿವರ್ಷ ದೀಪಾವಳಿಗೆ ಮುನ್ನ ಸುಣ್ಣ ಬಳಿಯುವುದು ತಪ್ಪುತ್ತಿರಲಿಲ್ಲ. ಮೊದಲ ದಿನ ಅವ್ವ ಗಟ್ಟಿಯಾದ ಕಸಬರಿಗೆಯಿಂದ ಗೋಡೆಯನ್ನೆಲ್ಲ ಉಜ್ಜಿ ಹಳೆಯ ಪುಡಿಯನ್ನು ಉದುರಿಸಿ, ಕೊಡಗಟ್ಟಲೆ ನೀರೆರಚಿ ತೊಳೆಯುತ್ತಿದ್ದಳು. ಅಪ್ಪ ಬಾನಿಯಲ್ಲಿ ಸುಟ್ಟ ಸುಣ್ಣದ ಹರಳನ್ನು ಹಾಕಿ ನೀರು ಹೊಯ್ದರೆ ಅದು ಒಲೆಯಿಲ್ಲದೆಯೇ ಕೊತಕೊತನೆ ಕುದಿಯುತ್ತಿತ್ತು. ಮಕ್ಕಳು ಹತ್ತಿರ ಸುಳಿಯುವಂತಿರಲಿಲ್ಲ; ಸಿಡಿದರೆ ಕಣ್ಣೇ ಹೋದೀತು. ಮರುದಿನ ತಣಿದ ಸುಣ್ಣವನ್ನು ಹಳೆಯ ಧೋತರದಲ್ಲಿ ಸೋಸಿ, ಅಂಟು ಕಲಸಿ, ಬಿಳುಪು ಹೆಚ್ಚಲೆಂದು ಚಿಟಿಕೆ ನೀಲಿ ಬೆರೆಸಿ, ಕತ್ತಾಳೆ ನಾರಿನ ಕುಂಚದಿಂದ ಬಳಿಯುತ್ತಿದ್ದರು. ಆಗ ಗೋಡೆ ಒದ್ದೆಯಾಗಿರಲೇಬೇಕು. ಒಣಗೋಡೆ ನೀರನ್ನೆಲ್ಲ ಹೀರಿಕೊಂಡರೆ ಸುಣ್ಣ ಕಚ್ಚಿಕೊಳ್ಳದೆ ಪುಡಿಯಾಗಿ ಉಳಿಯುತ್ತದೆ. ಹಸಿ ಸುಣ್ಣವು ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡನ್ನು ಮೆಲ್ಲಗೆ ಹೀರಿ ಮರಳಿ ಸುಣ್ಣಕಲ್ಲಾಗುತ್ತದೆ, ಅದಕ್ಕೆ ತೇವ ಬೇಕು ಎಂದು ಮುಂದೆ ನಮ್ಮ ಶಾಲೆಯ ವಿಜ್ಞಾನದ ಅಧ್ಯಾಪಕರೊಬ್ಬರು ನನಗೆ ವಿವರಿಸಿದರು. ಅವ್ವನಿಗೆ ಅದರ ಫಲ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ.

ಇಲ್ಲಿ ಪಂಡಿತನ ಚಾಪಲ್ಯವನ್ನು ಒಂದಿಷ್ಟು ಸಹಿಸಬೇಕು. ಸುಣ್ಣವೆಂಬುದು ಸಂಸ್ಕೃತದ ಚೂರ್ಣ ಶಬ್ದದ ತದ್ಭವ. ಸಂಸ್ಕೃತದಲ್ಲಿ ಸುಣ್ಣಕ್ಕೆ ಸುಧಾ ಎಂಬ ಹೆಸರೂ ಉಂಟು; ಅಮೃತಕ್ಕೂ ಅದೇ ಹೆಸರು. ಸುಧೆಯನ್ನು ಬಳಿದ ಮನೆ ಸೌಧ. ಈ ಲೆಕ್ಕದಿಂದ ನಮ್ಮ ಮಣ್ಣಿನ ಮನೆಯೂ ಸೌಧವೇ. 1956ರಲ್ಲಿ ಪೂರ್ಣಗೊಂಡ ಬೆಂಗಳೂರಿನ ವಿಧಾನಸೌಧ ಹೊರಗೆಲ್ಲ ಬರಿಯ ಕಲ್ಲಾದುದರಿಂದ ಆ ಹೆಸರು ವ್ಯುತ್ಪತ್ತಿಗೆ ಒಗ್ಗದೆಂದು ತರಗತಿಯಲ್ಲಿ ಹೇಳಿ ಹುಡುಗರನ್ನು ನಗಿಸುವುದು ನನ್ನ ಹಳೆಯ ಅಭ್ಯಾಸ. ಅಂತೆಯೇ ಪಾತ್ರೆಯನ್ನು ತಿಕ್ಕುವುದಕ್ಕೂ ಹೊಳೆಯುವುದಕ್ಕೂ ನಮ್ಮ ಕನ್ನಡದಲ್ಲಿ 'ಬೆಳಗು' ಎಂಬ ಒಂದೇ ಧಾತು ಸಾಲುತ್ತದೆ ಎಂದೂ ಹೇಳುತ್ತೇನೆ. ಮೂವತ್ತು ವರ್ಷ ಇದನ್ನು ಪಾಠ ಹೇಳಿದವನು ತನ್ನ ಮನೆಯ ಗೋಡೆಯ ವಿಷಯದಲ್ಲಿ ಮರೆತ.

2014ರಲ್ಲಿ ಅಕ್ಕನ ಮಗಳ ಲಗ್ನ ಆ ಮನೆಯ ಮುಂದೆಯೇ ನಡೆಯಬೇಕಾಗಿತ್ತು. ಹತ್ತು ದಿನ ಉಳಿದಿದ್ದವು. ಬಣ್ಣದವನು ಬಂದು ಅಂಗೈಯಿಂದ ಗೋಡೆಯನ್ನು ಸವರಿ, ಬೆಳ್ಳಗಾದ ಕೈಯನ್ನು ನನಗೆ ತೋರಿಸಿ, ಇದನ್ನೆಲ್ಲ ಕೆರೆದು ತೊಳೆದು ಒಣಗಿಸದೆ ಬಣ್ಣ ನಿಲ್ಲುವುದಿಲ್ಲವೆಂದ. ಅಷ್ಟು ಪುರಸೊತ್ತು ಇಲ್ಲ, ಎರಡು ಕೈ ಹೊಡೆದುಬಿಡಪ್ಪಾ ಎಂದವನು ನಾನು. ಗುಲಾಬಿ ವರ್ಣದ ಅಕ್ರಿಲಿಕ್ ಬಣ್ಣ ಹೊಡೆದ. ಛಾಯಾಚಿತ್ರಗಳಲ್ಲಿ ಮನೆ ಬಹಳ ಚೆನ್ನಾಗಿ ಬಂದಿದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿ, ಮೂರನೆಯದರಲ್ಲಿ ಹಾಳೆಹಾಳೆಯಾಗಿ ಕಳಚತೊಡಗಿತು. ಬಿದ್ದ ಹಾಳೆಯನ್ನು ತಿರುವಿ ನೋಡಿದರೆ ಬೆನ್ನಿಗೆಲ್ಲ ಬಿಳಿಯ ಹುಡಿ. ಬಣ್ಣ ಬಿಗಿಯಾಗಿಯೇ ಹಿಡಿದಿತ್ತು, ಆದರೆ ಹಿಡಿದದ್ದು ಹುಡಿಯನ್ನು, ಗೋಡೆಯನ್ನಲ್ಲ. ಮೇಲಾಗಿ ಮಣ್ಣಿನ ಗೋಡೆಯೊಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಬುಡದಲ್ಲೆಲ್ಲ ಸವಳು ಹೂವಿನಂತೆ ಅರಳಿತ್ತು. 'ಪಂಡಿತರ ಮನಿ ಪರಿ ಬಿಡಾಕ ಹತ್ತೇತಿ' ಎಂದು ಕಟ್ಟೆಯ ಮೇಲೆ ಕುಳಿತವರು ನಗುತ್ತಿದ್ದರಂತೆ. ನಾನು ಪಟ್ಟಣದಲ್ಲಿರುವವನು, ಹಲವು ವರ್ಷ ಕಂಡೂ ಕಾಣದಂತಿದ್ದೆ.

ಈ ವರ್ಷ ಯುಗಾದಿ ಕಳೆದ ಮೇಲೆ ರಜೆಯಲ್ಲಿ ಹೋಗಿ, ಆ ಮನೆಯಲ್ಲಿರುವ ಅಣ್ಣನ ಮಗನೊಡನೆ ಕೆಲಸಕ್ಕೆ ತೊಡಗಿದೆ. ಅವನು ಉತ್ಸಾಹಿ. ವಾಹನ ತೊಳೆಯುವ ಪಂಪೊಂದನ್ನು ತಂದು ನೀರು ಬಿಟ್ಟನು. ಸಿಮೆಂಟಿನ ಗೋಡೆಗೆ ಅದು ಸರಿಯಿದ್ದೀತು. ನಮ್ಮ ಗೋಡೆಯಲ್ಲಿ ಕ್ಷಣಮಾತ್ರದಲ್ಲಿ ಅಂಗೈಯಗಲದ ಗಿಲಾವು ಹಾರಿಹೋಗಿ ಸಂದಿನಿಂದ ಕೆಸರು ಸುರಿಯಿತು. ಪಂಪನ್ನು ಹಿಂದಕ್ಕೆ ಕಳುಹಿಸಿ ಕೈಗೆ ಕುಂಚ ತೆಗೆದುಕೊಂಡೆವು. ಸವಳನ್ನು ಮೊದಲು ಒಣಗಿದ್ದಾಗಲೇ ಉಜ್ಜಿ ಉದುರಿಸಬೇಕು. ನೀರು ಹಾಕಿದರೆ ಕರಗಿ ಮರಳಿ ಗೋಡೆಯನ್ನೇ ಸೇರುತ್ತದೆ. ಬಡಗಣ ಮಗ್ಗುಲಿನ ಪಾಚಿಗೆ ಬ್ಲೀಚಿಂಗ್ ಪುಡಿಯ ತಿಳಿನೀರನ್ನು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ತೆಂಗಿನ ನಾರಿನ ಕುಂಚದಿಂದ ಉಜ್ಜಿ ತೊಳೆದೆವು. ಹಚ್ಚುವುದು ಕೆಳಗಿನಿಂದ ಮೇಲಕ್ಕೆ, ತೊಳೆಯುವುದು ಮೇಲಿನಿಂದ ಕೆಳಕ್ಕೆ. ತಪ್ಪಿದರೆ ಒಣಗೋಡೆಯ ಮೇಲೆ ಇಳಿದ ಹರಿವಿನ ಗೆರೆಗಳು ಹಾಗೆಯೇ ನಿಲ್ಲುತ್ತವೆ. ಆಸಿಡ್ ಹಾಕಿದರೆ ಬೇಗ ಆಗುತ್ತದೆಂದು ಒಬ್ಬರು ಸಲಹೆಯಿತ್ತರು. ಆಸಿಡ್ ಸುಣ್ಣವನ್ನೇ ತಿನ್ನುವುದಲ್ಲದೆ, ಬ್ಲೀಚಿಂಗ್ ಪುಡಿಯೊಡನೆ ಕೂಡಿದರೆ ಕ್ಲೋರಿನ್ ವಿಷವಾಯು ಹೊರಡುತ್ತದೆಂದು ಕೈಮುಗಿದೆ. ಕಿಟಕಿಗಳ ಹಳೆಯ ಎಣ್ಣೆಬಣ್ಣದ ವಿಷಯದಲ್ಲಿಯೂ ಎಚ್ಚರ ವಹಿಸಿದೆವು. ಮನೆಗೆ ಹಚ್ಚುವ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ನಮ್ಮ ಕಿಟಕಿಯ ಬಣ್ಣ ಅದಕ್ಕಿಂತ ಎಷ್ಟೋ ಹಳೆಯದು. ಆದ್ದರಿಂದ ಒಣದಾಗಿ ಉಜ್ಜಿ ಧೂಳೆಬ್ಬಿಸದೆ, ನೀರು ಹಚ್ಚಿ ಕೆರೆದು, ಚಕ್ಕೆಗಳನ್ನೆಲ್ಲ ಆರಿಸಿ ಕಟ್ಟಿಟ್ಟೆವು.

ಎರಡನೆಯ ದಿನ ಬಾಗಿಲಿನ ಬಲಕ್ಕೆ, ಕಟ್ಟೆಯ ಮೇಲಿನ ಗೋಡೆಯನ್ನು ತೊಳೆಯುತ್ತಿದ್ದೆ. ಗುಲಾಬಿ ಬಣ್ಣ ಹೋಗಿ, ಸುಣ್ಣದ ಪದರಗಳು ಒಂದೊಂದಾಗಿ ಚಕ್ಕೆಯೇಳುತ್ತಿದ್ದವು. ಒಂದು ವರ್ಷ ನೀಲಿ ಹೆಚ್ಚಾಗಿತ್ತು, ಇನ್ನೊಂದು ವರ್ಷ ಕಡಿಮೆ. ಹಾಗೆ ಉಜ್ಜುತ್ತಿರಲು ಕಾಲಬಳಿ ಇಳಿಯುತ್ತಿದ್ದ ನೀರು ಕೆಂಪಾಯಿತು. ಕೈ ನಿಲ್ಲಿಸಿ ನೋಡಿದರೆ ಗೋಡೆಯ ಮೇಲೆ ಕೆಮ್ಮಣ್ಣಿನಿಂದ ಎಳೆದ ನೆಟ್ಟನೆಯ ಗೆರೆಗಳು. ಎಂಟು ಉಳಿದಿದ್ದವು, ನಾನು ಕಾಣುವ ಮುನ್ನ ಎಷ್ಟು ತೊಳೆದುಹೋದವೋ ಹೇಳಲಾರೆ. ಅವುಗಳ ಕೆಳಗೆ ಗಾಣದ ಒಂದು ಚಿತ್ರ. ನನ್ನ ಅಪ್ಪ ಅಕ್ಷರ ಬಲ್ಲವನಲ್ಲ, ಲೆಕ್ಕವಿಡುತ್ತಿದ್ದುದು ಹೀಗೆ. ಗಾಣವೆಂದರೆ ನಮ್ಮ ಪಕ್ಕದ ಗಾಣದವರ ಮನೆ.

ವಿದ್ಯಾರ್ಥಿಯಾಗಿದ್ದಾಗ ನಮ್ಮ ಗುರುಗಳು ಶಾಸನದ ಪಡಿಯಚ್ಚು ತೆಗೆಯುವುದನ್ನು ತೋರಿಸಲು ನಮ್ಮನ್ನು ಕರೆದೊಯ್ದಿದ್ದರು. ಮೊದಲು ಕಲ್ಲನ್ನು ಕುಂಚದಿಂದ ತಿಕ್ಕಿ ತೊಳೆದು, ಬಳಿಕವೇ ಒದ್ದೆ ಕಾಗದವನ್ನು ಹೊದಿಸಿ ಬಡಿಯಬೇಕು. ಮಣ್ಣು ತುಂಬಿದ ಅಕ್ಷರ ಮತ್ತೊಂದು ಅಕ್ಷರವಾಗಿ ಕಾಣುತ್ತದೆ ಎಂದು ಎಚ್ಚರಿಸುತ್ತಿದ್ದರು. ಆ ವಿದ್ಯೆಯನ್ನು ಕಲಿತು ಹಳಗನ್ನಡದ ಶಾಸನಗಳನ್ನು ಓದಬಲ್ಲ ನಾನು, ತೊಳೆದ ಗೋಡೆಯ ಮೇಲಿನ ಅಪ್ಪನ ಎಂಟು ಗೆರೆಗಳನ್ನು ಓದಲಾರದೆ ನಿಂತೆ. ಸಂಖ್ಯೆಯಿತ್ತು, ವಿಭಕ್ತಿಯಿರಲಿಲ್ಲ. ಗಾಣದವರಿಗೆ ಕೊಟ್ಟದ್ದೋ, ಗಾಣದವರಿಂದ ತಂದದ್ದೋ? ತಂದದ್ದಾದರೆ, ತೀರಿಸಿದ ಗುರುತಿನ ಅಡ್ಡಗೆರೆ ಎಲ್ಲಿಯೂ ಇಲ್ಲ. ನಮ್ಮ ಅಪ್ಪ ಬಡವನಾಗಿದ್ದರೂ ಯಾರ ಋಣವನ್ನೂ ಉಳಿಸಿಕೊಂಡವನಲ್ಲವೆಂದು ಈ ಶಾಲೆಯ ವೇದಿಕೆಯ ಮೇಲೆಯೇ ನಾನು ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದೇನೆ. ಕೇಳಿದವರು ಚಪ್ಪಾಳೆ ತಟ್ಟಿದ್ದಾರೆ.

ಕೈ ತೊಳೆದುಕೊಂಡು ಗಾಣದವರ ಮನೆಗೆ ಹೋದೆ. ಆ ಮನೆಯ ದೊಡ್ಡವ್ವನಿಗೆ ಎಂಬತ್ತು ದಾಟಿದೆ. ಪಡಸಾಲೆಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ದೊಡ್ಡವ್ವಾ, ನಮ್ಮ ಗ್ವಾಡಿ ಮ್ಯಾಲ ಅಪ್ಪ ಹಾಕಿದ ಗೆರಿ ಕಂಡಾವ. ಎಂಟು ಚೀಲ ಜ್ವಾಳ ನಿಮ್ಮ ಮನಿಯಿಂದ ತಂದಿದ್ನೇನು?"

ಆಕೆ ಬೀಜವನ್ನು ಬಿಟ್ಟು ನಕ್ಕಳು. "ಎಂಟು ಚೀಲ? ಎಪ್ಪತ್ತೆರಡರ ಬರದಾಗ ಯಾರ ಮನ್ಯಾಗ ಎಂಟು ಚೀಲ ಇದ್ದುವೋ ತಮ್ಮಾ? ಅವು ಸೇರಿನ ಲೆಕ್ಕ."

"ತಂದದ್ದೋ, ಕೊಟ್ಟದ್ದೋ?"

ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: "ಒಮ್ಮೆ ನಿಮ್ಮವ್ವ ಮರಾ ಹಿಡ್ಕೊಂಡು ಬರ್ತಿದ್ಲು, ಒಮ್ಮೆ ನಾ ಬರ್ತಿದ್ನಿ. ನಮ್ಮ ಗ್ವಾಡಿ ಮ್ಯಾಲೂ ಹಿಂಗ ಗೆರಿ ಇದ್ದುವು. ಎರಡೂ ಕೂಡಿಸಿ ನೋಡಿದ್ರ ತಿಳೀತಿತ್ತು. ನಮ್ಮ ಹುಡುಗ ಸಿಮೆಂಟ್ ಗಿಲಾವ ಮಾಡಿಸಿದ, ಹ್ವಾದುವು."

ಹಾಗಾದರೆ ನಾನು ಎಷ್ಟು ಕೊಡಬೇಕೆಂದು ಕೇಳಿದೆ. ಆಗ ನನಗೆ ಎರಡು ವರ್ಷ. ಆ ಜೋಳದ ರೊಟ್ಟಿಯಲ್ಲಿ ನನ್ನ ತುತ್ತೂ ಇದ್ದಿರಲೇಬೇಕು.

"ನಮ್ಮದು ಅಂತಿದ್ರ ಮಠದ ಪ್ರಸಾದಕ್ಕ ಕೊಡು. ನಿಮ್ಮದು ಅಂತಿದ್ರೂ ಅಲ್ಲಿಗೇ ಕೊಡು. ಮುಂದ ನೀ ಉಂಡು ಬೆಳದದ್ದು ಅಲ್ಲೇ ಅಲ್ಲೇನು?" ಎಂದು ಮತ್ತೆ ಹುಣಸೆಹಣ್ಣಿಗೆ ಕೈಹಾಕಿದಳು.

ಆರು ವರ್ಷ ನಾನು ಶ್ರೀಮಠದ ಪ್ರಸಾದ ನಿಲಯದಲ್ಲಿ ಉಂಡವನು. ಆ ವಾರವೇ ಒಂದು ಚೀಲ ಜೋಳವನ್ನು ಅಲ್ಲಿಗೆ ಕಳುಹಿಸಿದೆ. ಅದನ್ನು ಈ ಸಂಚಿಕೆಯ ದಾನಿಗಳ ಪಟ್ಟಿಯಲ್ಲಿ ನನ್ನ ಹೆಸರಿನಲ್ಲಿ ಅಚ್ಚು ಹಾಕಕೂಡದೆಂದು ಸಂಪಾದಕರಲ್ಲಿ ಸವಿನಯ ವಿನಂತಿ. ಅದು ಯಾರ ಜೋಳವೆಂಬುದೇ ಇನ್ನೂ ನಿರ್ಣಯವಾಗಿಲ್ಲ.

ಮೂರನೆಯ ದಿನ ಸಂಜೆಗೆ ಗೋಡೆಯೆಲ್ಲ ತೊಳೆದು ಮುಗಿಯಿತು. ಅಣ್ಣನ ಮಗ ಪೇಟೆಯಿಂದ ಬಣ್ಣದ ಪಟ್ಟಿಯನ್ನು ತಂದಿದ್ದ. ಆ ಬಣ್ಣಕ್ಕಾದರೆ ಗೋಡೆ ಚೆನ್ನಾಗಿ ಒಣಗುವವರೆಗೆ ಕಾಯಬೇಕು. ಮೋಡ ಬೇರೆ ಕವಿಯುತ್ತಿತ್ತು. ಮಣ್ಣಿನ ಗೋಡೆಯ ತೇವಕ್ಕೆ ಮತ್ತೊಮ್ಮೆ ಮುಚ್ಚಳ ಹಾಕುವುದು ಬೇಡ, ಸುಣ್ಣವನ್ನೇ ಬಳಿಯೋಣವೆಂದೆ. ಅವನಿಗೆ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. "ಕಾಕಾ, ಪ್ರತಿವರ್ಷ ಬಳಿಯಾಕ ನೀವು ಬರ್ತೀರೇನು?" ಎಂದ. ನ್ಯಾಯವಾದ ಪ್ರಶ್ನೆ. ಬರುತ್ತೇನೆಂದು ಹೇಳಿಬಿಟ್ಟಿದ್ದೇನೆ. ಗೆರೆಗಳಿರುವಷ್ಟು ಜಾಗವನ್ನು ಬಿಟ್ಟು ಬಳಿಯೋಣ, ಕಟ್ಟು ಹಾಕಿ ಗಾಜು ಕೂರಿಸೋಣವೆಂದೂ ಅವನು ಸೂಚಿಸಿದ. ಅಪ್ಪ ಪ್ರತಿವರ್ಷ ಅವುಗಳ ಮೇಲೆಯೇ ಬಳಿಯುತ್ತಿದ್ದನಲ್ಲವೇ ಎಂದೆ. ಅವನು ತನ್ನ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡ.

ಮರುದಿನ ಬೆಳಿಗ್ಗೆ ಗೋಡೆಗೆ ನೀರೆರಚಿ ಕುಂಚ ಹಿಡಿದೆ. ಹಸಿ ಸುಣ್ಣ ಬಳಿದೊಡನೆ ಬಿಳುಪಾಗಿ ಕಾಣುವುದಿಲ್ಲ. ತೆಳ್ಳನೆಯ ಮಜ್ಜಿಗೆಯಂತಿದ್ದು, ಒಣಗುತ್ತ ಬೆಳ್ಳಗಾಗುತ್ತದೆ. ಗಾಣದ ಚಿತ್ರವೂ ಎಂಟು ಗೆರೆಗಳೂ ಅದರ ಅಡಿಯಿಂದ ನಿಚ್ಚಳವಾಗಿ ಕಾಣುತ್ತಿದ್ದವು. ದೊಡ್ಡವ್ವ ಕೋಲೂರಿಕೊಂಡು ಬಂದು, ಕಟ್ಟೆಯ ತುದಿಗೆ ಕುಳಿತು ಅವುಗಳನ್ನು ಒಂದೊಂದಾಗಿ ಎಣಿಸಿದಳು. ಅವ್ವನಂತೆ ನೀಲಿ ಹಾಕಿಲ್ಲವೇಕೆಂದು ಆಕ್ಷೇಪಿಸಿದಳು. ಮಧ್ಯಾಹ್ನ ನಾವು ಉಂಡು ಹೊರಗೆ ಬರುವಷ್ಟರಲ್ಲಿ ಗೋಡೆ ಬೆಳ್ಳಗಾಗಿತ್ತು. ಎರಡನೆಯ ಕೈಗೆ ನೀಲಿ ತರಲು ಹುಡುಗನನ್ನು ಅಂಗಡಿಗೆ ಕಳುಹಿಸಿದೆ.