ಪಡಸಾಲೆಯ ಸಿಂಗಾರ

ಮನೆಗೆ ಬಂದವರನ್ನು ಮೊದಲು ಕುಳ್ಳಿರಿಸುವ ಎಡೆಗೆ ಕನ್ನಡನಾಡಿನಲ್ಲಿ ಹೆಸರುಗಳು ಹಲವು. ಧಾರವಾಡದ ಕಡೆಗೆ ಅದು ಪಡಸಾಲೆ, ಮೈಸೂರಿನ ಕಡೆಗೆ ಹಜಾರ, ಇಲ್ಲವೆ ನಡುಮನೆ, ಕರಾವಳಿಯಲ್ಲಿ ಚಾವಡಿ, ಮಲೆನಾಡಿನಲ್ಲಿ ಜಗಲಿ, ಅನುಕೂಲವಂತರ ಮನೆಗಳಲ್ಲಿ ದಿವಾನಖಾನೆ. ಈಗ ಇವೆಲ್ಲಕ್ಕೂ ಬದಲಾಗಿ ಹಾಲ್ ಎಂಬ ಒಂದೇ ಮಾತು ಪೇಟೆಯಿಂದ ಹಳ್ಳಿಯವರೆಗೂ ಹಬ್ಬಿದೆ. ಹೆಸರು ಯಾವುದಾದರೂ ಆ ಕೋಣೆಯ ಧರ್ಮ ಒಂದೇ. ಅದು ಬೀದಿಗೂ ಒಲೆಗೂ ನಡುವಣ ನೆಲೆ. ಹೊರಗಿನವರು ಅಲ್ಲಿಯವರೆಗೆ ಸಂಕೋಚವಿಲ್ಲದೆ ಬರಬೇಕು. ಒಳಗಿನವರು ಅಲ್ಲಿಗೆ ಬಂದು ಸಂಕೋಚವಿಲ್ಲದೆ ಕುಳಿತುಕೊಳ್ಳಬೇಕು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟರೆ ಬಣ್ಣ, ಪರದೆ, ಪೀಠೋಪಕರಣಗಳ ಮಾತು ತನ್ನ ತಕ್ಕ ಸ್ಥಾನಕ್ಕೆ ಬಂದು ನಿಲ್ಲುತ್ತದೆ.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯು ಕಟ್ಟಿದ ಮನೆಯನ್ನು ಸಿಂಗರಿಸುವ ತೊಡಕನ್ನು ಲೆಕ್ಕಕ್ಕೆ ಹಿಡಿದಿಲ್ಲ. ಹಿಂದಿನವರಿಗೆ ಅದು ಬೇರೆಯ ಕೆಲಸವಾಗಿರಲಿಲ್ಲವೆಂಬುದೇ ಇದಕ್ಕೆ ಕಾರಣವಿರಬೇಕು. ಗೋಡೆಗೆ ಸುಣ್ಣ ಬಳಿದರೆ ಬೆಳಕು ಬರುತ್ತಿತ್ತು. ನೆಲವನ್ನು ಸಾರಿಸಿದರೆ ತಂಪು ಬರುತ್ತಿತ್ತು. ಸಾಗರ ಸೀಮೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚವನ್ನು ಅಕ್ಕಿಯ ಹಿಟ್ಟಿನಲ್ಲಿ ಅದ್ದಿ ಹಸೆಚಿತ್ತಾರವನ್ನು ಬರೆಯುತ್ತಿದ್ದರು, ಈಗಲೂ ಬರೆಯುತ್ತಾರೆ. ನವಲಗುಂದದ ಹೆಂಗಸರು ನವಿಲನ್ನೂ ಪಗಡೆಯ ಹಾಸನ್ನೂ ಮೂಡಿಸಿ ನೇಯುವ ಹತ್ತಿಯ ಜಮಖಾನವು ಅತಿಥಿಗಳು ಬಂದಾಗ ಹಾಸಿ, ಹೋದ ಮೇಲೆ ಮಡಿಸಿಡುವ ವಸ್ತುವಾಗಿತ್ತು. ಆ ಜಮಖಾನಕ್ಕೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. 1894ರಲ್ಲಿ ಮುಂಬಯಿಯಲ್ಲಿ ರಾಜಾ ರವಿವರ್ಮನ ಮುದ್ರಣಾಲಯವು ಆರಂಭವಾದ ಮೇಲೆ ಲಕ್ಷ್ಮೀ ಸರಸ್ವತಿಯರ ಬಣ್ಣದ ಪಟಗಳು ಸಾಮಾನ್ಯ ಗೃಹಸ್ಥರ ಗೋಡೆಗೂ ಏರಿದವು. ಉಳಿದಂತೆ ಕೋಣೆ ಬರಿದು. ಬರಿದಾಗಿದ್ದುದರಿಂದಲೇ ಅದು ಬೆಳಿಗ್ಗೆ ಮಕ್ಕಳ ಪಾಠಕ್ಕೂ, ಮಧ್ಯಾಹ್ನ ಅಡಕೆ ಸುಲಿಯುವುದಕ್ಕೂ, ಸಂಜೆ ಊರಿನ ಮಾತಿಗೂ, ರಾತ್ರಿ ನಂಟರ ಹಾಸಿಗೆಗೂ ಒದಗಿಬರುತ್ತಿತ್ತು.

ಹಾಗೆಂದು ಹಳೆಯದೆಲ್ಲವೂ ಸುಖವಾಗಿತ್ತೆಂದು ಹೇಳಿದರೆ ಸುಳ್ಳಾದೀತು. ಮಂಡಿನೋವಿನ ಮುದುಕರಿಗೆ ನೆಲವು ಎಂದೂ ಹಿತವಾಗಿರಲಿಲ್ಲ. ಗಂಡಸರು ಮಾತಿಗೆ ಕುಳಿತಿರುವಾಗ ಹೆಂಗಸರು ಬಾಗಿಲ ಮರೆಯಲ್ಲಿ ನಿಂತು ಕೇಳಬೇಕಾಗಿತ್ತು. ಯಾರು ಜಗಲಿಯನ್ನೇರಬಹುದು, ಯಾರು ಅಂಗಳದಲ್ಲಿಯೇ ನಿಲ್ಲಬೇಕು ಎಂಬ ಜಾತಿಯ ಕಟ್ಟಳೆಯು ಜಗಲಿಯ ಕಲ್ಲಿಗಿಂತಲೂ ಗಟ್ಟಿಯಾಗಿತ್ತು. ಹೊಸ ಕಾಲದ ಕುರ್ಚಿ ಸೋಫಾಗಳು ಈ ಕಟ್ಟಳೆಗಳನ್ನು ಸ್ವಲ್ಪಮಟ್ಟಿಗಾದರೂ ಸಡಿಲಿಸಿದುವೆಂಬುದನ್ನು ಒಪ್ಪಬೇಕು.

ಇವುಗಳನ್ನು ಪರದೇಶದ ವಸ್ತುಗಳೆಂದು ಹಳಿಯುವುದಕ್ಕೂ ಅಷ್ಟು ಆಧಾರವಿಲ್ಲ. ಸೋಫಾ ಎಂಬ ಮಾತು ಅರಬ್ಬೀ ಭಾಷೆಯ ಸುಫ್ಫಾ ಎಂಬ ಶಬ್ದದಿಂದ ಹುಟ್ಟಿ, ತುರ್ಕಿಯ ಮೂಲಕ ಯೂರೋಪನ್ನು ಸೇರಿ, ಅಲ್ಲಿಂದ ನಮ್ಮಲ್ಲಿಗೆ ಬಂದದ್ದು. ಅದರ ಮೂಲಾರ್ಥ ಎತ್ತರಿಸಿ ಕಟ್ಟಿದ ಕಟ್ಟೆ, ಎಂದರೆ ಜಗಲಿಯೇ! ದಿವಾನ ಎಂಬ ಪಾರಸೀ ಶಬ್ದದ ಕಥೆ ಇನ್ನೂ ಸ್ವಾರಸ್ಯವಾದದ್ದು. ಮೊದಲು ಲೆಕ್ಕದ ಪುಸ್ತಕ, ಆಮೇಲೆ ಲೆಕ್ಕ ನೋಡುವ ಸಭೆ, ಆಮೇಲೆ ಸಭೆ ಕೂಡುವ ಕೋಣೆ, ಕಟ್ಟಕಡೆಗೆ ಆ ಕೋಣೆಯ ಗೋಡೆಗೆ ಹೊಂದಿಸಿದ ಮೆತ್ತನೆಯ ಆಸನ. ಮೈಸೂರಿನ ದಿವಾನರ ಪದವಿಯೂ, ಅಂಗಡಿಯಲ್ಲಿ ಕೊಳ್ಳುವ ದಿವಾನವೂ ಒಂದೇ ಮಾತಿನ ಮಕ್ಕಳು. ಕುರ್ಚಿಯೂ ಅರಬ್ಬಿಯ ಕುರ್ಸೀ ಎಂಬುದರಿಂದಲೇ ಬಂದದ್ದು. ಆದುದರಿಂದ ಸೋಫಾ ಬೇಕೋ ಜಗಲಿ ಬೇಕೋ ಎಂಬ ವಾದದಲ್ಲಿ ಹುರುಳು ಕಡಮೆ. ಕೇಳಬೇಕಾದ ಪ್ರಶ್ನೆಯೆಂದರೆ, ಅದರ ಮೇಲೆ ಕುಳಿತುಕೊಳ್ಳುವವರು ಯಾರು, ಅದರಿಂದಾಗಿ ನಿಂತೇ ಇರುವವರು ಯಾರು ಎಂಬುದು.

ಈ ಭೇದವನ್ನು ಕಣ್ಣಿಗೆ ಕಟ್ಟುವಂತೆ ತಿಳಿಯಬೇಕಾದರೆ ಮೈಸೂರಿನ ಅರಮನೆಯನ್ನು ನೋಡಬೇಕು. 1897ರಲ್ಲಿ ಮರದ ಹಳೆಯ ಅರಮನೆಯು ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ವಿನ್ಯಾಸದಂತೆ ಹೊಸದನ್ನು ಕಟ್ಟಲು ತೊಡಗಿ 1912ರಲ್ಲಿ ಮುಗಿಸಿದರು. ಅಲ್ಲಿಯ ಕಲ್ಯಾಣಮಂಟಪದ ಎರಕದ ಕಂಬಗಳೂ, ನವಿಲಿನ ಚಿತ್ರದ ಬಣ್ಣದ ಗಾಜಿನ ಚಾವಣಿಯೂ ಗ್ಲಾಸ್ಗೋ ನಗರದಲ್ಲಿ ತಯಾರಾಗಿ ಬಂದವು. ಅದರ ಸೊಬಗಿಗೆ ತಲೆದೂಗದವರಿಲ್ಲ. ಆದರೆ ದರ್ಬಾರಿನ ಸೊಬಗು ನಿಂತು ನೋಡತಕ್ಕದ್ದು. ಸಿಂಹಾಸನದಲ್ಲಿ ಕುಳಿತವನೊಬ್ಬನ ಕಡೆಗೆ ಉಳಿದೆಲ್ಲರ ದೃಷ್ಟಿಯೂ ತಿರುಗಿರಬೇಕೆಂಬುದೇ ಅದರ ರಚನೆಯ ಉದ್ದೇಶ. ಗೃಹಸ್ಥನ ಪಡಸಾಲೆಗೆ ಈ ಉದ್ದೇಶವು ಸಲ್ಲದು. ಹಾಗಿದ್ದರೂ ಇಂದಿನ ಎಷ್ಟೋ ಪಡಸಾಲೆಗಳು ಸಣ್ಣ ದರ್ಬಾರುಗಳಾಗಿವೆ. ಸಿಂಹಾಸನದ ಎಡೆಯಲ್ಲಿ ದೂರದರ್ಶನದ ಪೆಟ್ಟಿಗೆಯು ಕುಳಿತಿದೆ. 1981ರಲ್ಲಿ ಬೆಂಗಳೂರಿನ ದೂರದರ್ಶನ ಕೇಂದ್ರವು ಆರಂಭವಾದಂದಿನಿಂದ ಕನ್ನಡಿಗರ ಮನೆಯ ಕುರ್ಚಿಗಳು ಒಂದೊಂದಾಗಿ ಒಬ್ಬರ ಮುಖವನ್ನು ಬಿಟ್ಟು ಗೋಡೆಯ ಕಡೆಗೆ ಹೊರಳಿಕೊಂಡವು.

ಸಾಗರದ ಪೇಟೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರ ಹೆಂಚಿನ ಮನೆಯಿದೆ. ಅವರ ಮಗನು ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದ ಕೆಲಸದಲ್ಲಿರುವವನು. ತಂದೆತಾಯಿಗಳು ಸುಖವಾಗಿರಲೆಂದು ಅವನು ತನ್ನ ಖರ್ಚಿನಿಂದ ಜಗಲಿಯನ್ನು ಹೊಸದುಮಾಡಿಸಿದನು. ಬೂದುಬಣ್ಣದ ಗೋಡೆ, ನೆಲಕ್ಕೆ ತಗ್ಗಿ ಕುಳಿತ ಅಗಲವಾದ ಸೋಫಾ, ದಪ್ಪನೆಯ ರತ್ನಗಂಬಳಿ, ಗಾಜಿನ ಟೀಪಾಯಿ, ಹೆಂಚನ್ನು ಮರೆಮಾಡಿದ ಒಳಚಾವಣಿ, ಅದರಲ್ಲಿ ಹುದುಗಿದ ದೀಪಗಳು. ಹಲಸಿನ ಹಲಗೆಯ ಹಳೆಯ ಬೆಂಚು ಸೌದೆಯ ಕೊಟ್ಟಿಗೆಗೆ ಹೋಯಿತು. ನೋಡಿದವರೆಲ್ಲರೂ ಚಿತ್ರದಂತಿದೆ ಎಂದರು, ಚಿತ್ರದಂತೆಯೇ ಇತ್ತು.

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತು. ಮಲೆನಾಡಿನ ಮಳೆಗೆ ಅಂಗಡಿಯ ಸೊಗಸು ತಿಳಿಯದು. ರತ್ನಗಂಬಳಿಯು ತೇವವನ್ನು ಹೀರಿ ಮುಗ್ಗಲು ವಾಸನೆಯನ್ನು ಬೀರತೊಡಗಿತು. ಸೋಫಾದ ಬೆನ್ನಿನಲ್ಲಿ ಬೂಷ್ಟು ಮೂಡಿತು. ಇವು ಒರಸಿದರೆ ಹೋಗುವ ಕಷ್ಟಗಳು. ಒರಸಿದರೂ ಹೋಗದ ಕಷ್ಟವೊಂದು ಸದ್ದಿಲ್ಲದೆ ಒಳಗೆ ಸೇರಿತ್ತು. ಆ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಅವರು ದಿನವೂ ಜಗಲಿಯ ಬೆಂಚಿನಲ್ಲಿ ಕುಳಿತು ಬತ್ತಿ ಹೊಸೆಯುತ್ತ, ಹೂವಿನವಳನ್ನೂ ಮೊಸರಿನವಳನ್ನೂ ತೋಟದ ಆಳುಗಳನ್ನೂ ಹೆಸರುಹಿಡಿದು ಕೂಗಿ ಮಾತನಾಡಿಸುತ್ತಿದ್ದವರು. ಹೊಸ ಸೋಫಾದಲ್ಲಿ ಅವರು ಒಮ್ಮೆ ಕುಳಿತರು. ಏಳಲು ಆಗಲಿಲ್ಲ. ಬಂದ ನಂಟರ ಎದುರಿನಲ್ಲಿ ಇಬ್ಬರು ತೋಳು ಹಿಡಿದು ಎತ್ತಬೇಕಾಯಿತು. ಮರುದಿನದಿಂದ ಅವರು ಒಳಕೋಣೆಯಲ್ಲಿಯೇ ಉಳಿದರು. ಹೂವಿನವಳು ರತ್ನಗಂಬಳಿಯನ್ನು ತುಳಿಯಲು ಅಂಜಿ ಹೊಸ್ತಿಲಿನಾಚೆಯೇ ಹೂವನ್ನು ಅಳೆದುಕೊಟ್ಟು ಹೋಗತೊಡಗಿದಳು. ಯಾರೂ ಅಜ್ಜಿಗೆ ಒಳಗೆ ಹೋಗಿರೆಂದು ಹೇಳಲಿಲ್ಲ; ಯಾರೂ ಹೂವಿನವಳಿಗೆ ಹೊರಗೆ ನಿಲ್ಲೆಂದು ಹೇಳಲಿಲ್ಲ. ನವರಾತ್ರಿಯ ಹೊತ್ತಿಗೆ, ಬಾಗಿಲಲ್ಲಿ ಸದ್ದಾದರೆ ‘ಯಾರು ಬಂದವರು?’ ಎಂದು ಕೇಳುವ ಅಭ್ಯಾಸವೇ ಅಜ್ಜಿಗೆ ತಪ್ಪಿಹೋಗಿತ್ತು.

ಇದನ್ನು ಮೊದಲು ಗಮನಿಸಿದವರು ಸೊಸೆ, ಉಪಾಧ್ಯಾಯರ ಹೆಂಡತಿ. ‘ಅತ್ತೆ, ಹೊರಗೆ ಬಂದು ಕೂತುಕೊಳ್ಳಬಾರದೆ?’ ಎಂದು ಒಂದು ಸಂಜೆ ಅವರು ಕೇಳಿದರು. ‘ಅಲ್ಲಿ ಕೂತರೆ ಎಬ್ಬಿಸೋದಕ್ಕೆ ಇಬ್ಬರು ಬೇಕು ಮಾರಾಯ್ತಿ. ಬಂದವರ ಎದುರಿಗೆ ಅದೆಲ್ಲ ಯಾಕೆ?’ ಎಂದು ಅಜ್ಜಿ ಉತ್ತರಕೊಟ್ಟು ಬತ್ತಿಯ ಹತ್ತಿಯನ್ನು ಬಿಡಿಸತೊಡಗಿದರು.

ಸೊಸೆಯು ಯಾರೊಡನೆಯೂ ವಾದಕ್ಕೆ ಹೋಗಲಿಲ್ಲ. ಹೊಲಿಗೆಯ ಟೇಪನ್ನು ತಂದು ಅಳೆದರು. ನೆಲದಿಂದ ಅಜ್ಜಿಯ ಮಂಡಿಯವರೆಗೆ 16 ಅಂಗುಲ. ಮೈಭಾರಕ್ಕೆ ಕುಸಿದ ಸೋಫಾದ ಎತ್ತರ 12 ಅಂಗುಲ. ಕೊಟ್ಟಿಗೆಯಲ್ಲಿದ್ದ ಬೆಂಚಿನದು 17, ಎರಡು ಕಡೆಯೂ ಕೈಯೂರಲು ತೋಳು ಬೇರೆ. ರೋಗದ ಮೂಲ ತಿಳಿಯಿತು. ಬೆಂಚನ್ನು ತೊಳೆದು, ಎಣ್ಣೆ ಉಜ್ಜಿ, ಬಾಗಿಲು ಕಾಣುವಂತೆ ಕಿಟಕಿಯ ಬಳಿಗೆ ತಂದರು. ರತ್ನಗಂಬಳಿಯನ್ನು ಸುರುಳಿಸುತ್ತಿ ಕಟ್ಟಿಟ್ಟರು. ಕೆಳಗಿದ್ದ ಕೆಂಪು ಗಾರೆಯ ನೆಲ ಮತ್ತೆ ಹೊಳೆಯಿತು. ದೀಪಾವಳಿಗೆ ಬಂದ ಮಗನ ಮುಖ ಸಣ್ಣದಾಯಿತು. ಅಕ್ಕರೆಯಿಂದ ಕೊಟ್ಟದ್ದನ್ನು ತಳ್ಳಿಬಿಟ್ಟರಲ್ಲಾ ಎಂಬ ನೋವು ಅವನಿಗೆ ಸಹಜವಾದದ್ದೇ. ತಾಯಿಯು ಬಡಗಿಯನ್ನು ಕರೆಸಿ, ಸೋಫಾದ ಕಾಲುಗಳಿಗೆ ನಾಲ್ಕು ಅಂಗುಲದ ಮರದ ಗಟ್ಟಿಗಳನ್ನು ಕೂಡಿಸಿ, ಮೆತ್ತೆಯ ಅಡಿಗೆ ಹಲಗೆಯೊಂದನ್ನು ಹಾಕಿಸಿದರು. ‘ನಿನ್ನ ಸೋಫಾ ಎಲ್ಲಿಗೂ ಹೋಗಲಿಲ್ಲ ಮಗಾ, ಅಜ್ಜಿಯ ಎತ್ತರಕ್ಕೆ ಬಂತು ಅಷ್ಟೆ’ ಎಂದರು. ಅಜ್ಜಿ ಆ ಚಳಿಗಾಲವೆಲ್ಲ ಜಗಲಿಯಲ್ಲಿ ಕುಳಿತರು. ಹೂವಿನವಳು ಒಳಗೆ ಬಂದು ಬೆಂಚಿನ ತುದಿಯಲ್ಲಿ ಕುಳಿತು ಹೂವನ್ನು ಅಳೆಯುವಂತಾದಳು.

ಆ ಗೃಹಿಣಿಯು ಮಾಡಿದ ಕೆಲಸದಲ್ಲಿ ಗೃಹಾಲಂಕಾರದ ಶಾಸ್ತ್ರದ ಸಾರವೆಲ್ಲ ಅಡಗಿದೆ. ಈ ಶಾಸ್ತ್ರಕ್ಕೆ ನಮ್ಮ ಮೊಳವೇ ಸಾಕಾದ ಅಳತೆಗೋಲು. ಮೊಳವೆಂದರೆ ಸುಮಾರು 18 ಅಂಗುಲ. ಆಸನದ ಎತ್ತರವು ಒಂದು ಮೊಳ, ಇಲ್ಲವೆ ಒಂದೆರಡು ಅಂಗುಲ ಕಡಮೆಯಿದ್ದರೆ ಹೆಚ್ಚಿನವರು ಸುಖವಾಗಿ ಕುಳಿತು ಏಳಬಲ್ಲರು. ಆಸನಕ್ಕೂ ಟೀಪಾಯಿಗೂ ನಡುವೆ ಒಂದು ಮೊಳದ ಅಂತರವಿದ್ದರೆ ಕಾಲು ತಾಗುವುದಿಲ್ಲ, ಕಾಫಿಯ ಲೋಟಕ್ಕೆ ಕೈಯೂ ಎಟುಕುತ್ತದೆ. ನಡೆದಾಡುವ ದಾರಿಗೆ ಎರಡು ಮೊಳ ಬಿಡಬೇಕು. ಆಗ ತಟ್ಟೆ ಹಿಡಿದು ಬರುವವರು ಯಾರ ಮಂಡಿಯನ್ನೂ ದಾಟಬೇಕಾಗಿಲ್ಲ. ಎದುರುಬದುರಾಗಿ ಕುಳಿತವರ ನಡುವೆ ಎಂಟು ಅಡಿಗಿಂತ ಹೆಚ್ಚು ದೂರವಿದ್ದರೆ ಮಾತು ಕೂಗಾಗುತ್ತದೆ. ದೂರದರ್ಶನವು ಬೇಕಾದವರು ಅದನ್ನು ಪಕ್ಕದ ಗೋಡೆಗೆ ಇಟ್ಟುಕೊಳ್ಳಲಿ. ಎದುರಿನ ಎಡೆಯು ಮನುಷ್ಯರ ಮುಖಕ್ಕೆ ಮೀಸಲಾಗಿರಲಿ.

ಬೆಳಕಿನ ವಿಷಯದಲ್ಲಿಯೂ ಇದೇ ನ್ಯಾಯ. ಚಾವಣಿಯ ನಡುವಿನಿಂದ ಸುರಿಯುವ ಒಂದೇ ಪ್ರಖರವಾದ ದೀಪವು ಮುಖದ ಮೇಲೆ ಕಣ್ಣು ಮೂಗುಗಳ ನೆರಳನ್ನು ಕೆಡವುತ್ತದೆ. ಅದರ ಬದಲಿಗೆ ಕುಳಿತವರ ತಲೆಯ ಮಟ್ಟಕ್ಕೆ ಸಮೀಪವಾಗಿ ಎರಡು ಮೂರು ಮೃದುವಾದ ದೀಪಗಳಿದ್ದರೆ ಕೋಣೆಗೆ ಆಪ್ತತೆ ಬರುತ್ತದೆ. ಬಲ್ಬಿನ ಪೆಟ್ಟಿಗೆಯ ಮೇಲೆ 2700 ಕೆಲ್ವಿನ್ ಎಂದು ಬರೆದಿದ್ದರೆ ಅದರ ಬೆಳಕು ಎಣ್ಣೆಯ ದೀಪದ ಹೊಂಬಣ್ಣದತ್ತ ವಾಲಿರುತ್ತದೆ; 6500 ಎಂದಿದ್ದರೆ ಅದು ಅಂಗಡಿಯ ಬಿಳಿ ಬೆಳಕು. ಮುಪ್ಪಿನಲ್ಲಿ ಕಣ್ಣಪಾಪೆಯು ಕಿರಿದಾಗಿ, ಒಳಗಿನ ಮಸೂರವು ಹಳದಿಗಟ್ಟುವುದರಿಂದ ಓದುವ ಹಿರಿಯರಿಗೆ ಕಿರಿಯರಿಗಿಂತ ಹೆಚ್ಚಿನ ಬೆಳಕು ಬೇಕು. ಅವರ ಆಸನದ ಪಕ್ಕದಲ್ಲಿ ಬೇರೆಯೇ ದೀಪವೊಂದಿರುವುದು ಲೇಸು.

ಊರಿನ ಹವೆಯನ್ನು ಮರೆತ ಅಲಂಕಾರವು ಒಂದು ವರ್ಷವೂ ಬಾಳದು. ಮಲೆನಾಡಿನಲ್ಲಿ ಒಗೆದು ಒಣಗಿಸಬಲ್ಲ ಹತ್ತಿಯ ಹಾಸು, ಗಾಳಿಯಾಡುವ ಬೆತ್ತದ ಕುರ್ಚಿ. ಕಲಬುರಗಿಯ ಬಿಸಿಲಿಗೆ ದಪ್ಪ ಪರದೆ, ತಂಪಾದ ಕಲ್ಲಿನ ನೆಲ. ಇವು ಸಹಜವಾದ ಆಯ್ಕೆಗಳು. ಇನ್ನು ಶೋಭೆಯ ವಸ್ತುಗಳು ಎಷ್ಟು ಕಡಮೆಯಿದ್ದರೆ ಅಷ್ಟು ಹೆಚ್ಚು ಶೋಭಿಸುತ್ತವೆ. ಬೀದರಿನ ಕುಶಲಿಗಳು ಸತುವು ತಾಮ್ರಗಳ ಎರಕಕ್ಕೆ ಬೆಳ್ಳಿಯನ್ನು ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸಿ ಮಾಡಿದ ಹೂಜಿಯನ್ನು ಕಪ್ಪು ಮೇಜಿನ ಮೇಲೆ ಹತ್ತು ಗೊಂಬೆಗಳ ನಡುವೆ ಇಟ್ಟರೆ ಅದು ಕಾಣುವುದೇ ಇಲ್ಲ. ಬಿಳಿಯ ಗೋಡೆಯ ಮುಂದೆ ಒಂದನ್ನೇ ಇಟ್ಟರೆ ಬೆಳ್ಳಿಯ ಒಂದೊಂದು ಬಳ್ಳಿಯೂ ಎದ್ದು ತೋರುತ್ತದೆ. ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆಗಳು ಗಾಜಿನ ಬೀರುವಿನಲ್ಲಿ ಬೀಗಮುದ್ರೆಯಲ್ಲಿರುವುದಕ್ಕಿಂತ ಮಗುವಿನ ಕೈಗೆಟುಕುವ ಕೆಳಗಿನ ಹಲಗೆಯಲ್ಲಿರುವುದು ಅವುಗಳಿಗೂ ಮಗುವಿಗೂ ಕ್ಷೇಮ. ಪಟಗಳನ್ನು ಸೂರಿನ ಬುಡಕ್ಕೆ ತೂಗಹಾಕದೆ ಕುಳಿತವರ ನೋಟಕ್ಕೆ ಸಲ್ಲುವಂತೆ ಇಳಿಸಿ ಹಾಕಬೇಕು.

ಹೊಸದಾಗಿ ಪಡಸಾಲೆಯನ್ನು ಸಿಂಗರಿಸಹೊರಟ ಗೃಹಸ್ಥರು ಸಾಮಾನಿನ ಪಟ್ಟಿಯನ್ನು ಬರೆಯುವ ಮುನ್ನ ಆ ಕೋಣೆಗೆ ಬರುವವರ ಪಟ್ಟಿಯನ್ನು ಬರೆದುಕೊಂಡರೆ ಹಣವೂ ಉಳಿಯುತ್ತದೆ, ಮನಸ್ತಾಪವೂ ತಪ್ಪುತ್ತದೆ. ಆ ಪಟ್ಟಿಯಲ್ಲಿ ಅಧಿಕಾರಿಯಾದ ಮಿತ್ರನಿರಲಿ, ಬೀಗರಿರಲಿ. ಅವರ ಜೊತೆಗೆ ಮಂಡಿನೋವಿನ ಅಜ್ಜಿಯೂ, ಅಂಬೆಗಾಲಿನ ಮಗುವೂ, ಹೂವಿನವಳೂ ಇರಲಿ. ಒಬ್ಬೊಬ್ಬರಿಗೂ ಒಂದೊಂದು ಎಡೆಯನ್ನು ಗೊತ್ತುಮಾಡಿದ ಬಳಿಕ ಬಡಗಿಯನ್ನೂ ಬಣ್ಣದವನನ್ನೂ ಕರೆಯಬಹುದು.